ಭೀಮಾ ತೀರದಲ್ಲಿ ಕ್ರಿಸ್ತಜಯಂತಿ: ಅತಿಥಿಯಾಗಿ ಹೋಗುವ ಮಿಷನರಿ

ಧರ್ಮಸಭೆಯ ಪಂಚಾಂಗದಲ್ಲಿ ಡಿಸೆಂಬರ್ ಗೋದಲಿಯ ತಿಂಗಳು ಮಾತ್ರವಲ್ಲ, ಮಿಷನರಿಗಳ ತಿಂಗಳೂ ಹೌದು. ಆಗಮನ ಕಾಲದ ಮೊದಲ ವಾರದಲ್ಲಿಯೇ, ಡಿಸೆಂಬರ್ 3ರಂದು, ನಾವು ಸಂತ ಫ್ರಾನ್ಸಿಸ್ ಕ್ಸೇವಿಯರರನ್ನು ಸ್ಮರಿಸುತ್ತೇವೆ. ಅವರು 1552ರಲ್ಲಿ ಚೀನಾದ ಹೊಸ್ತಿಲಲ್ಲಿರುವ ಶಾಂಗ್‌ಚುವಾನ್ ದ್ವೀಪದಲ್ಲಿ, ತಾವು ಹೋಗಬೇಕೆಂದಿದ್ದ ನಾಡನ್ನು ಮುಟ್ಟದೆಯೇ ಪ್ರಾಣಬಿಟ್ಟರು. ಎರಡನೆಯ ವ್ಯಾಟಿಕನ್ ಮಹಾಸಭೆಯು ಮಿಷನ್ ಕಾರ್ಯವನ್ನು ಕುರಿತು ‘ಆದ್ ಜೆಂತೆಸ್’ ಎಂಬ ಆಜ್ಞಾಪತ್ರವನ್ನು ಪ್ರಕಟಿಸಿದ್ದು 1965ರ ಡಿಸೆಂಬರ್ 7ರಂದು. ಜಗದ್ಗುರು ಆರನೆಯ ಪೌಲರು ಶುಭಸಂದೇಶ ಸಾರುವುದರ ಬಗ್ಗೆ ‘ಎವಾಂಜೆಲಿ ನುನ್ಸಿಯಾಂದಿ’ಯನ್ನು ಬರೆದದ್ದು 1975ರ ಡಿಸೆಂಬರ್ 8ರಂದು. ಜಗದ್ಗುರು ಎರಡನೆಯ ಜಾನ್ ಪೌಲರ ‘ರೆದೆಂಪ್ತೋರಿಸ್ ಮಿಸ್ಸಿಯೊ’ ವಿಶ್ವಪತ್ರದ ದಿನಾಂಕ 1990ರ ಡಿಸೆಂಬರ್ 7. ಮಿಷನ್ ಕುರಿತ ಮೂರು ಮಹತ್ವದ ದಾಖಲೆಗಳೂ ಆಗಮನ ಕಾಲದಲ್ಲಿಯೇ ಹೊರಬಂದಿವೆ. ದೇವರು ಮನುಷ್ಯರ ಬಳಿಗೆ ಬಂದ ಹಬ್ಬಕ್ಕೂ, ಮನುಷ್ಯನೊಬ್ಬನು ದೇವರ ಹೆಸರಿನಲ್ಲಿ ಇತರರ ಬಳಿಗೆ ಹೋಗುವ ಕಾರ್ಯಕ್ಕೂ ಇರುವ ನಂಟನ್ನು ಇದು ನೆನಪಿಸುತ್ತದೆ.

ಆದರೆ ಹೋಗುವುದು ಹೇಗೆ? ಯಾವ ರೀತಿಯಲ್ಲಿ ಹೋದರೆ ಅದು ಕ್ರಿಸ್ತಜಯಂತಿಗೆ ತಕ್ಕ ಹೋಗುವಿಕೆಯಾದೀತು? ಮಂಗಳೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ತುಂಬಿ ತುಳುಕುವ ದೇವಾಲಯದ ಅಂಗಳದಲ್ಲಿ ನಿಂತಾಗ ಈ ಪ್ರಶ್ನೆ ಏಳುವುದು ಅಪರೂಪ. ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲ್ಲೂಕುಗಳಲ್ಲಿ ಡಿಸೆಂಬರ್ ಕಳೆಯುವ ಗುರುಗಳಿಗೆ, ಧರ್ಮಭಗಿನಿಯರಿಗೆ ಅದು ದಿನದಿನದ ಪ್ರಶ್ನೆ. ನಮ್ಮ ಅನೇಕ ಕುಟುಂಬಗಳ ಸೋದರರು, ಸೋದರಿಯರು, ಸೋದರಮಾವಂದಿರು ಇಂತಹ ಸೀಮೆಗಳಲ್ಲಿ ಹಬ್ಬ ಕಳೆಯುತ್ತಾರೆ. ಅವರ ಹಬ್ಬ ಎಂತಹುದೆಂಬುದನ್ನು ಮನೆಯಲ್ಲಿ ಕುಸ್ವಾರಿನ ತಟ್ಟೆಯ ಮುಂದೆ ಕುಳಿತಿರುವ ನಾವು ಅರಿಯುವುದು ಒಳ್ಳೆಯದು.

ನೆಲ ಮತ್ತು ಜನ

ಈ ಮೂರು ತಾಲ್ಲೂಕುಗಳು ಕಲಬುರಗಿ ನಗರದ ಪಶ್ಚಿಮ ಮತ್ತು ದಕ್ಷಿಣ ಮಗ್ಗುಲುಗಳಲ್ಲಿ ಹರಡಿಕೊಂಡಿವೆ. ಆಳಂದ ಮಹಾರಾಷ್ಟ್ರದ ಗಡಿಗೆ ಒತ್ತಿಕೊಂಡಿದೆ. ಅಫಜಲಪುರ ಮತ್ತು ಜೇವರ್ಗಿಗಳಲ್ಲಿ ಭೀಮಾ ನದಿ ಹರಿಯುತ್ತದೆ. ಕಣ್ಣು ಹಾಯುವಷ್ಟು ದೂರ ಕರಿಮಣ್ಣಿನ ಎರೆಹೊಲ, ಮರಗಳು ವಿರಳ, ಆಕಾಶ ವಿಶಾಲ. 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಆಳ್ವಿಕೆಗೆ ಒಳಪಟ್ಟಿದ್ದ ಈ ಪ್ರದೇಶವನ್ನು 2019ರಿಂದ ಕಲ್ಯಾಣ ಕರ್ನಾಟಕವೆಂದು ಕರೆಯಲಾಗುತ್ತಿದೆ. ಕನ್ನಡ, ದಖನಿ ಉರ್ದು, ಮರಾಠಿ ಮತ್ತು ತಾಂಡಾಗಳ ಲಂಬಾಣಿ ಭಾಷೆ ಒಂದೇ ಸಂತೆಯಲ್ಲಿ ಕಿವಿಗೆ ಬೀಳುತ್ತವೆ.

ಧಾರ್ಮಿಕವಾಗಿ ಇದು ಬರಿದಾದ ಸೀಮೆಯಲ್ಲ. ಆಳಂದದಲ್ಲಿ ಲಾಡ್ಲೆ ಮಶಾಕರ ದರ್ಗಾ ಇದೆ. ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ-ಅಮರ್ಜಾ ಸಂಗಮದ ಬಳಿ ದತ್ತಾತ್ರೇಯನ ಗಾಣಗಾಪುರವಿದೆ. ಕಲಬುರಗಿಯ ಶರಣಬಸವೇಶ್ವರರು ಹುಟ್ಟಿದ್ದು ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ. ಮಿಷನರಿಯು ಇಲ್ಲಿಗೆ ಬರುವುದಕ್ಕೆ ಬಹಳ ಮುನ್ನವೇ ಇಲ್ಲಿಯ ಜನ ದೇವರನ್ನು ಅರಸುತ್ತಿದ್ದರು ಎಂಬುದನ್ನು ಅವನು ಮರೆಯುವಂತಿಲ್ಲ. ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆಗಿರುವ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ‘ನೋಸ್ತ್ರಾ ಎತಾತೆ’ ಎಂಬ ಮಹಾಸಭೆಯ ಘೋಷಣೆ 1965ರಲ್ಲಿಯೇ ನಮಗೆ ತಿಳಿಸಿದೆ.

ಕ್ರಿಸ್ತನ ನಾಮವೂ ಈ ಭಾಗಕ್ಕೆ ಹೊಸದಲ್ಲ. ರಾಯಚೂರು ಜಿಲ್ಲೆಯ ಮುದಗಲ್ಲಿನ ಕಥೋಲಿಕ ಸಮುದಾಯ ಆದಿಲ್‌ಶಾಹಿಗಳ ಕಾಲದಷ್ಟು ಹಳೆಯದು. ಬೀದರ್ ಕಡೆಯಲ್ಲಿ ಮೆಥೊಡಿಸ್ಟ್ ಸಹೋದರರು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದಲೂ ದುಡಿದಿದ್ದಾರೆ. ಕಥೋಲಿಕ ಧರ್ಮಸಭೆಯ ಮಟ್ಟಿಗೆ ಗುಲ್ಬರ್ಗಾ ಧರ್ಮಕ್ಷೇತ್ರವು ಪ್ರತ್ಯೇಕವಾಗಿ ಸ್ಥಾಪನೆಯಾದದ್ದು 2005ರ ಜೂನ್ 24ರಂದು, ಜಗದ್ಗುರು ಹದಿನಾರನೆಯ ಬೆನೆಡಿಕ್ಟರ ಕಾಲದಲ್ಲಿ. ಪರಮಪೂಜ್ಯ ರಾಬರ್ಟ್ ಮಿರಾಂದರು ಅದರ ಮೊದಲ ಧರ್ಮಾಧ್ಯಕ್ಷರು. 2011ರ ಜನಗಣತಿಯ ಪ್ರಕಾರ ಇಡೀ ಕರ್ನಾಟಕದಲ್ಲಿಯೇ ಕ್ರೈಸ್ತರ ಪ್ರಮಾಣ ಶೇಕಡಾ 1.87 ಮಾತ್ರ. ಕಲಬುರಗಿ ಜಿಲ್ಲೆಯಲ್ಲಿ ಅದು ಇನ್ನೂ ಕಡಿಮೆ. ತಾಲ್ಲೂಕು ಕೇಂದ್ರಗಳನ್ನು ಬಿಟ್ಟು ಒಳಗೆ ಹೋದರೆ ಕಥೋಲಿಕರನ್ನು ಬೆರಳುಗಳಲ್ಲಿ ಎಣಿಸಬಹುದು.

ಕ್ರಿಸ್ತಜಯಂತಿಯಂದು ಗುರುವು ಮೂರು ಬಲಿಪೂಜೆಗಳನ್ನು ಅರ್ಪಿಸಲು ಧರ್ಮಸಭೆಯ ಪ್ರಾಚೀನ ಸಂಪ್ರದಾಯವು ಅವಕಾಶ ಕೊಡುತ್ತದೆ: ರಾತ್ರಿಯ ಪೂಜೆ, ಮುಂಜಾವಿನ ಪೂಜೆ, ಹಗಲಿನ ಪೂಜೆ. ಪಟ್ಟಣದ ದೇವಾಲಯದಲ್ಲಿ ಈ ಮೂರೂ ಒಂದೇ ಬಲಿಪೀಠದ ಮೇಲೆ ನಡೆಯುತ್ತವೆ. ಮಿಷನ್ ಸೀಮೆಯಲ್ಲಿ ಮೂರು ಊರುಗಳಿಗೆ ಹಂಚಿಹೋಗುವುದುಂಟು. ಕೆಲವೊಮ್ಮೆ ಮೂರನೆಯದು ಒಂದು ಮನೆಯ ಪಡಸಾಲೆಯಲ್ಲಿ, ಐದಾರು ಜನರ ನಡುವೆ ಮುಗಿಯುತ್ತದೆ. ಈ ಮೂರು ಪೂಜೆಗಳ ಶುಭಸಂದೇಶಗಳನ್ನು ಈ ಮೂರು ತಾಲ್ಲೂಕುಗಳ ನೆಲದ ಮೇಲೆ ನಿಂತು ಓದಿದರೆ, ಮಿಷನರಿಯ ಕರ್ತವ್ಯವೇನೆಂಬುದು ಸ್ಪಷ್ಟವಾಗುತ್ತದೆ.

ರಾತ್ರಿಯ ಪೂಜೆ: ದಾರಿಯಲ್ಲಿರುವ ಕುಟುಂಬ

ರಾತ್ರಿಯ ಪೂಜೆಯಲ್ಲಿ ಸಂತ ಲೂಕರು ಹೇಳುವ ಕಥೆ ಪ್ರಯಾಣದಿಂದ ಆರಂಭವಾಗುತ್ತದೆ. ಅಗಸ್ಟಸ್ ಚಕ್ರವರ್ತಿಯ ಜನಗಣತಿಗಾಗಿ ಬಡಗಿಯೊಬ್ಬ ತುಂಬುಗರ್ಭಿಣಿಯನ್ನು ಕರೆದುಕೊಂಡು ದೂರದ ಊರಿಗೆ ನಡೆಯುತ್ತಾನೆ. ಅಲ್ಲಿ ಅವರಿಗೆ ತಂಗಲು ಎಡೆಯಿಲ್ಲ. ಅವರು ಹೊರಟದ್ದು ತಮ್ಮ ಇಚ್ಛೆಯಿಂದಲ್ಲ. ದೂರದಲ್ಲಿ ಯಾರೋ ಮಾಡಿದ ಲೆಕ್ಕಾಚಾರದ ಒತ್ತಡದಿಂದ.

ಅಫಜಲಪುರ, ಆಳಂದಗಳ ಡಿಸೆಂಬರ್ ರಾತ್ರಿಗಳಲ್ಲಿ ಈ ಕಥೆಗೆ ವ್ಯಾಖ್ಯಾನ ಬೇಕಿಲ್ಲ. ಅಫಜಲಪುರದ ಹವಳಗಾ, ಆಳಂದದ ಭೂಸನೂರುಗಳು ಸಕ್ಕರೆ ಕಾರ್ಖಾನೆಗಳ ನೆಲೆಗಳು. ಕಬ್ಬು ಅರೆಯುವ ಹಂಗಾಮು ದೀಪಾವಳಿಯ ಸುಮಾರಿಗೆ ಮೊದಲಾಗಿ ಬೇಸಿಗೆಯ ತನಕ ನಡೆಯುತ್ತದೆ. ಕಟಾವಿನ ಟೋಳಿಗಳು ಹೊಲದಿಂದ ಹೊಲಕ್ಕೆ ಸಾಗುತ್ತವೆ. ಗಂಡ-ಹೆಂಡತಿ ಜೋಡಿಯಾಗಿ ಕತ್ತಿ ಹಿಡಿಯುವುದು ಈ ಗಡಿ ಸೀಮೆಯ ರೂಢಿ. ಕಬ್ಬಿನ ಗರಿ, ಪ್ಲಾಸ್ಟಿಕ್ ಹಾಳೆಗಳ ಗುಡಿಸಲೇ ಮನೆ. ಹಾಲುಗಲ್ಲದ ಮಗು ಬದುವಿನ ಮೇಲಿನ ಜೋಳಿಗೆಯಲ್ಲಿ ಮಲಗಿರುತ್ತದೆ. ಇದೇ ಕಾಲದಲ್ಲಿ ಜಿಲ್ಲೆಯ ತಾಂಡಾಗಳಿಂದ, ಹಳ್ಳಿಗಳಿಂದ ಎಷ್ಟೋ ಕುಟುಂಬಗಳು ಸೊಲ್ಲಾಪುರ, ಪುಣೆ, ಮುಂಬೈ, ಹೈದರಾಬಾದುಗಳ ಕಡೆಗೆ ಗುಳೆ ಹೋಗಿರುತ್ತವೆ. ಊರಿನಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು.

ಹೀಗಿರುವಾಗ ನಡುರಾತ್ರಿಯ ಪೂಜೆಗೆ ಜನ ಸೇರಲಿಲ್ಲವೆಂದು ಮಿಷನರಿಯು ಬೇಸರಗೊಳ್ಳುವುದರಲ್ಲಿ ಅರ್ಥವಿಲ್ಲ. ಜನರಿಗೆ ಹಬ್ಬದ ಮೇಲೆ ಅನಾದರವಿಲ್ಲ, ಅವರು ದಾರಿಯಲ್ಲಿದ್ದಾರೆ. ಜೋಸೆಫ ಮತ್ತು ಮರಿಯಮ್ಮನವರೂ ಆ ರಾತ್ರಿ ಯಾವ ಪ್ರಾರ್ಥನಾಮಂದಿರದಲ್ಲಿಯೂ ಇರಲಿಲ್ಲ. ಆದ್ದರಿಂದ ಇಲ್ಲಿ ಆಗಮನ ಕಾಲದ ಸೇವೆಯೆಂದರೆ ಕುರ್ಚಿಗಳನ್ನು ಹೊಂದಿಸಿ ಕಾಯುವುದಲ್ಲ, ಎದ್ದು ಹೋಗುವುದು: ಹಿಂದೆ ಉಳಿದ ಅಜ್ಜಿಯ ಕೆಮ್ಮನ್ನು ವಿಚಾರಿಸುವುದು, ಶಾಲೆ ಬಿಟ್ಟ ಹುಡುಗನನ್ನು ಮರಳಿ ತರಗತಿಗೆ ಕೂಡಿಸಲು ಶಿಕ್ಷಕರೊಡನೆ ಮಾತನಾಡುವುದು, ದೂರದ ಊರಿನಲ್ಲಿರುವ ಮಗನಿಗೆ ತಾಯಿಯ ಮಾತನ್ನು ಫೋನಿನಲ್ಲಿ ಮುಟ್ಟಿಸುವುದು. ಇವು ಪತ್ರಿಕೆಯಲ್ಲಿ ಬರುವಂಥ ಸೇವೆಗಳಲ್ಲ. ಆದರೆ ಎಡೆಯಿಲ್ಲದವರಿಗೆ ಎಡೆ ಮಾಡಿಕೊಡುವುದು ಎಂಬುದರ ಅರ್ಥ ಇಷ್ಟೇ.

ಮುಂಜಾವಿನ ಪೂಜೆ: ಹೊಲದಲ್ಲಿರುವ ಜನ

ಮುಂಜಾವಿನ ಪೂಜೆಯನ್ನು ಕುರುಬರ ಪೂಜೆಯೆಂದು ಕರೆಯುವ ವಾಡಿಕೆಯಿದೆ. ದೇವದೂತನ ಸುದ್ದಿ ಮೊದಲು ತಲುಪಿದ್ದು ಪಂಡಿತರಿಗಲ್ಲ, ಬಯಲಿನಲ್ಲಿ ಮಂದೆ ಕಾಯುತ್ತ ಎಚ್ಚರವಿದ್ದವರಿಗೆ. ಕಲಬುರಗಿ ಸೀಮೆಯ ರೈತನಿಗೆ ಈ ದೃಶ್ಯ ಚಿತ್ರಪಟದ್ದಲ್ಲ. ಕೊಯ್ಲಾದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ಹಿಂಡನ್ನು ರಾತ್ರಿ ತರುಬಿಸುವುದು ಇಂದಿಗೂ ನಡೆದು ಬಂದಿದೆ. ಕಂಬಳಿ ಹೊದ್ದು, ಬೆಂಕಿ ಹಾಕಿಕೊಂಡು, ನಾಯಿಯೊಡನೆ ಎಚ್ಚರವಿರುವ ಕುರಿಗಾಹಿಯನ್ನು ಆಳಂದದ ದಾರಿಯಲ್ಲಿ ಯಾರೂ ಕಾಣಬಹುದು.

ಡಿಸೆಂಬರ್ ಇಲ್ಲಿ ತೊಗರಿಯ ರಾಶಿಯ ಕಾಲ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಡಿಸೆಂಬರ್-ಜನವರಿಯಲ್ಲಿ ಕೈಗೆ ಬರುತ್ತದೆ. ತೊಗರಿಯ ಕಣಜವೆಂದು ಹೆಸರಾದ ಈ ಜಿಲ್ಲೆಯ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಒಂದು ಅಕಾಲ ಮಳೆ, ಒಂದು ವಾರದ ಮೋಡ, ಮಾರುಕಟ್ಟೆಯಲ್ಲಿ ಒಂದು ಬೆಲೆ ಕುಸಿತ ಇವುಗಳಲ್ಲಿ ಯಾವುದಾದರೂ ವರ್ಷದ ದುಡಿಮೆಯನ್ನು ಕಸಿದುಕೊಳ್ಳಬಲ್ಲದು. ಕ್ರಿಸ್ಮಸ್ ಹೊತ್ತಿಗೆ ರೈತನ ಕಣ್ಣು ಆಕಾಶದ ಮೇಲಿರುತ್ತದೆ. ಅವನು ಹುಡುಕುತ್ತಿರುವುದು ನಕ್ಷತ್ರವನ್ನಲ್ಲ, ಮೋಡವನ್ನು.

ಇದೇ ದಿನಗಳಲ್ಲಿ ಎಳ್ಳ ಅಮಾವಾಸ್ಯೆಯೂ ಬರುತ್ತದೆ. ಮಾರ್ಗಶಿರದ ಈ ಅಮಾವಾಸ್ಯೆ 2019ರಲ್ಲಿ ಡಿಸೆಂಬರ್ 26ರಂದು, 2022ರಲ್ಲಿ 23ರಂದು, 2024ರಲ್ಲಿ 30ರಂದು ಬಂದಿತ್ತು. ಅಂದು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಕಡುಬು, ಹಲವು ಕಾಯಿಪಲ್ಯ-ಕಾಳುಗಳನ್ನು ಒಂದಾಗಿ ಬೇಯಿಸಿದ ಭಜ್ಜಿ, ಶೇಂಗಾ ಹಿಂಡಿ, ಅಂಬಲಿ ಬುತ್ತಿಯಲ್ಲಿರುತ್ತವೆ. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ನಿಂತ ಬಿಳಿಜೋಳದ ಬೆಳೆಗೆ ಚರಗ ಚೆಲ್ಲುತ್ತಾರೆ. ಹೊಲವಿಲ್ಲದವರನ್ನೂ, ಬೇರೆ ಜಾತಿ-ಮತದವರನ್ನೂ ಕರೆದು ಉಣಬಡಿಸುವುದು ಆ ದಿನದ ಧರ್ಮ. ಊರಿನ ಶಾಲೆಯ ಸಿಸ್ಟರುಗಳನ್ನೂ ಫಾದರನ್ನೂ ಕರೆಯದೆ ಬಿಡುವ ಮನೆ ಅಪರೂಪ.

ಕರೆದಾಗ ಹೋಗಬೇಕೆ? ಹೋಗಲೇಬೇಕು. ಪೂಜೆಯ ವಿಧಿ ಅವರದು. ಅದನ್ನು ಗೌರವದಿಂದ ನೋಡುತ್ತ ದೂರ ನಿಲ್ಲಬಹುದು. ಊಟ ಎಲ್ಲರದು, ಅಲ್ಲಿ ದೂರ ನಿಲ್ಲುವುದು ಸಲ್ಲ. ಬೆಳೆಯನ್ನು ತನ್ನದೆಂದು ಹೇಳದೆ ಕೃತಜ್ಞತೆಯಿಂದ ಮಣ್ಣಿಗೆ ಒಂದು ಹಿಡಿ ಮರಳಿಸುವ ರೈತನ ಕೈಯಲ್ಲಿ, ಪ್ರತಿ ಪೂಜೆಯಲ್ಲೂ ರೊಟ್ಟಿಯನ್ನು ಎತ್ತಿ ಅರ್ಪಿಸುವ ಗುರು ಕಲಿಯಬೇಕಾದದ್ದಿದೆ. ಬೆತ್ಲೆಹೇಮಿನ ಕುರುಬರು ಗೋದಲಿಗೆ ಹೋಗಿ ಮರಳಿದ್ದು ತಮ್ಮ ಮಂದೆಯ ಬಳಿಗೇ. ಹಬ್ಬವು ಅವರನ್ನು ಹೊಲದಿಂದ ಕೀಳಲಿಲ್ಲ. ಈ ಜನರಿಗೂ ಕ್ರಿಸ್ತಜಯಂತಿಯು ಹೊಲವನ್ನು ಬಿಟ್ಟು ಬರಬೇಕಾದ ಹಬ್ಬವಾಗಬಾರದು.

ಹಗಲಿನ ಪೂಜೆ: ಮನೆಬಾಗಿಲಿಗೆ ಬರುವ ದೇವರು

ಹಗಲಿನ ಪೂಜೆಯ ಶುಭಸಂದೇಶ ಸಂತ ಯೊವಾನ್ನರದು. ದೇವವಾರ್ತೆ ಮಾನವನಾಗಿ ನಮ್ಮ ನಡುವೆ ವಾಸಮಾಡಿದ ರಹಸ್ಯವನ್ನು ಅದು ಸಾರುತ್ತದೆ. ತನ್ನ ಸ್ವಂತ ನಾಡಿಗೆ ಬಂದವನನ್ನು ಸ್ವಕೀಯರೇ ಬರಮಾಡಿಕೊಳ್ಳಲಿಲ್ಲವೆಂಬ ನೋವನ್ನೂ ಅದು ಮುಚ್ಚಿಡುವುದಿಲ್ಲ. ಮನುಷ್ಯಾವತಾರವೆಂದರೆ ದೇವರು ಅತಿಥಿಯಾಗಿ ಬಂದದ್ದು. ಬರಮಾಡಿಕೊಳ್ಳುವ ಅಥವಾ ತಿರಸ್ಕರಿಸುವ ಸ್ವಾತಂತ್ರ್ಯವನ್ನು ಮನುಷ್ಯನ ಕೈಯಲ್ಲಿ ಬಿಟ್ಟು ಬಂದದ್ದು.

ಅತಿಥಿಯಾಗಿ ಬರುವ ದೇವರ ಕಲ್ಪನೆ ಈ ನೆಲಕ್ಕೆ ಅಪರಿಚಿತವಲ್ಲ. ಗಾಣಗಾಪುರದಲ್ಲಿ ದತ್ತಾತ್ರೇಯನು ಮಧ್ಯಾಹ್ನದ ಹೊತ್ತು ವೇಷ ಮರೆಸಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆಯಿದೆ. ಆದ್ದರಿಂದ ಯಾತ್ರಿಕರು ಭಿಕ್ಷೆ ಬೇಡುತ್ತಾರೆ, ಭಿಕ್ಷೆ ನೀಡುತ್ತಾರೆ. ಬಂದವನು ಯಾರೋ ಬಲ್ಲವರಾರು? ಮಾರ್ಗಶಿರ ಹುಣ್ಣಿಮೆಯ ದತ್ತಜಯಂತಿಯೂ ಡಿಸೆಂಬರಿನ ಆಸುಪಾಸಿನಲ್ಲಿಯೇ ಬರುತ್ತದೆ. 2023ರಲ್ಲಿ ಅದು ಕ್ರಿಸ್ತಜಯಂತಿಯ ಮರುದಿನವೇ ಬಂದಿತ್ತು. ಇನ್ನು ಅರಳಗುಂಡಗಿಯ ಶರಣಬಸವೇಶ್ವರರು. ಒಕ್ಕಲುತನ ಮಾಡುತ್ತಿದ್ದ ಅವರು ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ಕುಡಿಯಲು ನೀರಿಡುತ್ತಿದ್ದರೆಂಬುದು ಜನಜನಿತ ಕಥೆ. ಹಸಿದು ಬಂದವರಿಗೆಲ್ಲ ಅನ್ನವಿಡುವ ದಾಸೋಹವೇ ಅವರ ಸಾಧನೆ. ನಮ್ಮ ವಿಶ್ವಾಸ ಬೇರೆ, ನಿಜ. ಆದರೆ ಬಾಗಿಲಿಗೆ ಬಂದವನಲ್ಲಿ ದೇವರನ್ನು ಕಾಣಬೇಕೆಂಬ ಪಾಠವನ್ನು ಈ ಜನರಿಗೆ ಮಿಷನರಿಯು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಅವನು ಬಂದಾಗ ಅವರು ಅದನ್ನು ಅವನ ಮೇಲೆಯೇ ಆಚರಿಸಿ ತೋರಿಸುತ್ತಾರೆ: ಬರ್ರಿ, ಕೂಡ್ರಿ, ನೀರು ಕುಡೀರಿ, ಉಣ್ಣದೆ ಹೋಗಬ್ಯಾಡ್ರಿ.

ಪಡೆಯುವವನ ಪಾತ್ರೆ

ಗುರುಮಠದ ತತ್ತ್ವಶಾಸ್ತ್ರದ ತರಗತಿಯಲ್ಲಿ ನಮಗೆಲ್ಲ ಬಾಯಿಪಾಠ ಮಾಡಿಸಿದ ಒಂದು ಸೂತ್ರವಿದೆ. ಏನನ್ನಾದರೂ ಪಡೆಯುವುದು ಪಡೆಯುವವನ ಪಾತ್ರೆಗೆ ಅನುಗುಣವಾಗಿಯೇ ಎಂಬ ಅರ್ಥದ ಈ ತತ್ತ್ವವನ್ನು ಸಂತ ತೋಮಾಸ್ ಅಕ್ವಿನಾಸರು ಮತ್ತೆ ಮತ್ತೆ ಬಳಸಿಕೊಂಡಿದ್ದಾರೆ. ಇದನ್ನು ನಾವು ಸಾಮಾನ್ಯವಾಗಿ ಬೋಧನೆಗೆ ಅನ್ವಯಿಸುತ್ತೇವೆ: ಕೇಳುವವರ ಮಟ್ಟವರಿತು ಹೇಳಬೇಕು ಎಂದು. ಮಿಷನ್ ಸೀಮೆಯಲ್ಲಿ ಅದು ತಿರುಗಿ ನಮ್ಮನ್ನೇ ಪ್ರಶ್ನಿಸುತ್ತದೆ. ಕೊಡಲು ಹೊರಟ ನಾನು ಎಷ್ಟರ ಮಟ್ಟಿಗೆ ಪಡೆಯಬಲ್ಲವನಾಗಿದ್ದೇನೆ? ನನ್ನ ಪಾತ್ರೆ ಈಗಾಗಲೇ ತುಂಬಿದ್ದರೆ, ಈ ಜನರು ಕೊಡುವುದನ್ನು ಎಲ್ಲಿ ಹಾಕಿಕೊಳ್ಳಲಿ? ಫ್ರೆಂಚ್ ಕಥೋಲಿಕ ದಾರ್ಶನಿಕ ಗಾಬ್ರಿಯೇಲ್ ಮಾರ್ಸೆಲ್ (1889-1973) ಲಭ್ಯತೆಯ ಬಗ್ಗೆ ಬಹಳ ಬರೆದಿದ್ದಾರೆ. ಒಬ್ಬನು ಎದುರಿಗೆ ಕುಳಿತಿದ್ದರೂ ನಮಗೆ ಲಭ್ಯನಾಗಿರದೆ ಇರಬಹುದು. ವಸ್ತುಗಳನ್ನು ಕೊಟ್ಟು ತನ್ನನ್ನು ತಾನು ಕೊಡದೆ ಇರಬಹುದು.

ಇದಕ್ಕೆ ಕ್ರಿಸ್ಮಸ್ ಕಾಲದ್ದೇ ಒಂದು ನಿಜ ನಿದರ್ಶನವಿದೆ. ಸಂತ ಶಾರ್ಲ್ ದ ಫುಕೋ ಅವರು 1905ರಲ್ಲಿ ಸಹಾರಾ ಮರುಭೂಮಿಯ ನಡುವೆ, ಇಂದಿನ ಅಲ್ಜೀರಿಯಾದ ತಮನ್‌ರಾಸೆಟ್ಟಿನಲ್ಲಿ, ತುವಾರೆಗ್ ಜನರ ಮಧ್ಯೆ ನೆಲೆಸಿದರು. ಸುತ್ತ ಒಬ್ಬನೇ ಒಬ್ಬ ಕ್ರೈಸ್ತನಿರಲಿಲ್ಲ. ಪೂಜೆಯಲ್ಲಿ ಉತ್ತರ ಹೇಳಲು ಒಬ್ಬನಾದರೂ ಇರಬೇಕೆಂಬುದು ಅಂದಿನ ನಿಯಮವಾಗಿದ್ದರಿಂದ, 1907ರ ಕ್ರಿಸ್ತಜಯಂತಿಯಂದು ಅವರು ಬಲಿಪೂಜೆಯನ್ನೂ ಅರ್ಪಿಸಲಾಗಲಿಲ್ಲ. ಒಬ್ಬರೇ ಪೂಜಿಸಲು ಅನುಮತಿ ಸಿಕ್ಕಿದ್ದು 1908ರ ಜನವರಿಯ ಕೊನೆಯಲ್ಲಿ. ಆ ಜನವರಿಯಲ್ಲಿಯೇ ಅವರು ಮರಣಸಂಕಟದಷ್ಟು ಕಾಯಿಲೆ ಬಿದ್ದರು. ಭೀಕರ ಬರಗಾಲದ ಆ ದಿನಗಳಲ್ಲಿ ಬಡ ತುವಾರೆಗರು ಸುತ್ತಮುತ್ತ ಹುಡುಕಿ, ಹಾಲು ಕೊಡುತ್ತಿದ್ದ ಮೇಕೆಗಳಿಂದ ಸ್ವಲ್ಪ ಸ್ವಲ್ಪ ಹಾಲು ಸಂಗ್ರಹಿಸಿ ತಂದು ಅವರನ್ನು ಬದುಕಿಸಿದರು. ನೀಡಲು ಹೋದ ಮಿಷನರಿ ಪಡೆಯುವವನಾದನು. ಅನಂತರದ ವರ್ಷಗಳಲ್ಲಿ ಅವರು ಆ ಜನರ ಭಾಷೆಯ ಬೃಹತ್ ನಿಘಂಟನ್ನು ಸಿದ್ಧಪಡಿಸಿದರು. 1916ರ ಡಿಸೆಂಬರ್ 1ರಂದು ಕೊಲೆಯಾದಾಗ ಎಣಿಸಿ ಹೇಳುವಂಥ ಫಲವೇನೂ ಅವರ ಹಿಂದೆ ಇರಲಿಲ್ಲ. ಆದರೂ 2022ರ ಮೇ 15ರಂದು ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು.

ಭಾಷೆ ಕಲಿಯುವುದೂ ಪಡೆಯುವುದರ ಒಂದು ಬಗೆಯೇ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗ, ಅದು ಒಬ್ಬ ಮಿಷನರಿ ಕನ್ನಡಿಗರಿಗೆ ಕೊಟ್ಟ ಕಾಣಿಕೆಯೆನಿಸಿತು. ಆದರೆ ಅದರ ಒಂದೊಂದು ಪದವನ್ನೂ ಅವರು ಕನ್ನಡಿಗರಿಂದಲೇ ಪಡೆದಿದ್ದರು. ಮನೆಯಲ್ಲಿ ಕೊಂಕಣಿಯನ್ನೋ ತುಳುವನ್ನೋ ಆಡಿ, ಗ್ರಂಥದ ಕನ್ನಡ ಕಲಿತು ಬಂದ ಕರಾವಳಿಯ ಗುರುವಿಗೆ ಜೇವರ್ಗಿಯ ಸಂತೆಯ ಕನ್ನಡ ಮೊದಮೊದಲು ಪರದೇಶದ ಮಾತಿನಂತೆ ಕೇಳುತ್ತದೆ. ಆ ಮಾತಿನಲ್ಲಿ ನಗಲು, ಗೋಳು ಕೇಳಲು ಬರುವ ತನಕ ಅವನ ಪ್ರಬೋಧನೆ ಪುಸ್ತಕದಲ್ಲಿಯೇ ಉಳಿಯುತ್ತದೆ.

ಕಂಬಳಿಯ ಪ್ರಶ್ನೆ

ಇಲ್ಲಿ ಒಂದು ಸೂಕ್ಷ್ಮ ವಿಷಯವನ್ನು ನೇರವಾಗಿ ಆಡಬೇಕಾಗಿದೆ. ಡಿಸೆಂಬರ್ ಬಂತೆಂದರೆ ನಮ್ಮ ನಗರಗಳ ಧರ್ಮಕೇಂದ್ರಗಳಿಂದ, ಸಂಘಗಳಿಂದ ಒಳ್ಳೆಯ ಮನಸ್ಸಿನ ತಂಡಗಳು ಮಿಷನ್ ಸೀಮೆಗಳಿಗೆ ಹೊರಡುತ್ತವೆ. ಕಂಬಳಿ, ಸಿಹಿತಿಂಡಿ, ಆಟಿಕೆಗಳನ್ನು ಹಂಚಿ, ಚಿತ್ರ ತೆಗೆಸಿಕೊಂಡು ಸಂಜೆಯ ಹೊತ್ತಿಗೆ ಮರಳುತ್ತವೆ. ಅವರ ಔದಾರ್ಯವನ್ನು ಸಂಶಯಿಸಲಾಗದು. ಆದರೆ ಅವರು ಹೋದ ಮೇಲೆ ಅಲ್ಲಿ ಉಳಿಯುವವರು ಗುರು ಮತ್ತು ಧರ್ಮಭಗಿನಿಯರು. ನಿನ್ನೆಯವರೆಗೆ ಅವರನ್ನು ನೆರೆಯವರೆಂದು ಊಟಕ್ಕೆ ಕರೆಯುತ್ತಿದ್ದ ಮನೆಯವರು, ಇಂದು ಸಾಲಿನಲ್ಲಿ ನಿಂತು ಕೈಚಾಚಿದ ಫಲಾನುಭವಿಗಳಾಗಿದ್ದಾರೆ. ಅತಿಥಿ ಯಜಮಾನನಾದಾಗ ಆತಿಥ್ಯ ಸಾಯುತ್ತದೆ.

ಇನ್ನೊಂದು ಮಗ್ಗುಲೂ ಇದೆ. ಹಬ್ಬದ ಕಾಲದ ಕೊಡುಗೆಯನ್ನು ಆಮಿಷವೆಂದು ಶಂಕಿಸುವ ದಿನಗಳಿವು. ಮತಾಂತರದ ಕುರಿತು ಕರ್ನಾಟಕದಲ್ಲಿ 2022ರಲ್ಲಿ ಕಾನೂನು ಬಂದಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಈ ಚರ್ಚೆಯಲ್ಲಿ ನಾವು ಸಾಮಾನ್ಯವಾಗಿ ಸಂವಿಧಾನದ 25ನೆಯ ವಿಧಿಯನ್ನು ಎತ್ತಿ ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ನಮ್ಮದೇ ಧರ್ಮಸಭೆಯ ಮಾತನ್ನು ಮರೆಯುತ್ತೇವೆ. ಧಾರ್ಮಿಕ ಸ್ವಾತಂತ್ರ್ಯ ಕುರಿತ ‘ದಿಗ್ನಿತಾತಿಸ್ ಹುಮಾನೇ’ ಪ್ರಕಟವಾದದ್ದು ‘ಆದ್ ಜೆಂತೆಸ್’ ಪ್ರಕಟವಾದ ದಿನವೇ, 1965ರ ಡಿಸೆಂಬರ್ 7ರಂದು. ವಿಶ್ವಾಸವನ್ನು ಹರಡುವಾಗ ಒತ್ತಾಯದ ಅಥವಾ ಅಯೋಗ್ಯವಾದ ಪುಸಲಾವಣೆಯ ನೆರಳೂ ಸುಳಿಯಕೂಡದು, ಅದರಲ್ಲಿಯೂ ಬಡವರ ಮತ್ತು ಓದುಬರಹ ಬಾರದವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು ಎಂಬುದು ಅದರ ಸಾರ. ‘ಆದ್ ಜೆಂತೆಸ್’ ಕೂಡ ಇದನ್ನೇ ನಿಷೇಧಿಸುತ್ತದೆ. ಕಾನೂನುಗಳು ಬರಬ��ುದು, ಹೋಗಬಹುದು. ಈ ನಿಯಮ ಮಾತ್ರ ನಮ್ಮ ಮನೆಯೊಳಗಿನದು. ಯಾರ ಭಯದಿಂದಲೂ ಅಲ್ಲ, ಗೋದಲಿಯ ಶಿಶುವಿನ ಮೇಲಿನ ಗೌರವದಿಂದ ನಾವು ಅದನ್ನು ಪಾಲಿಸಬೇಕು. ಬಡವನಾಗಿ ಬಂದವನ ಹೆಸರಿನಲ್ಲಿ ಬಡವನ ಸ್ವಾತಂತ್ರ್ಯವನ್ನು ಕೊಳ್ಳಲಾಗದು.

ಹಾಗಾದರೆ ಕೊಡುವುದೇ ತಪ್ಪೆ? ಎಂದಿಗೂ ಅಲ್ಲ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿಗಳ ತೀರದ ಹಳ್ಳಿಗಳಿಗೆ ನುಗ್ಗಿದಾಗ ಕೊಡದೆ ಇದ್ದಿದ್ದರೆ ಪಾಪವಾಗುತ್ತಿತ್ತು. ಅಂತಹ ಹೊತ್ತಿನಲ್ಲಿ ಜಾತಿ ಕೇಳದೆ, ಮತ ಕೇಳದೆ, ಹೆಸರು ಹಾಕದೆ ಕೊಡಬೇಕು. ವರ್ಷವಿಡೀ ಶಾಲೆ, ಚಿಕಿತ್ಸೆ, ಮಹಿಳೆಯರ ಸಂಘಗಳ ಮೂಲಕ ನಡೆಯುವ ಸೇವೆಯೂ ನಿಲ್ಲಬಾರದು. ಹೇಳಬೇಕಾದದ್ದಿಷ್ಟೇ: ನೆರವಿಗೆ ಅದರದೇ ಕಾಲವಿದೆ, ಅದು ಕೊರತೆಯ ಕಾಲ. ಕ್ರಿಸ್ತಜಯಂತಿಯನ್ನು ಮಾತ್ರ ಹಂಚಿಕೆಯ ಹಬ್ಬವಾಗಿ ಅಲ್ಲ, ಸಹಪಂಕ್ತಿಯ ಹಬ್ಬವಾಗಿ ಉಳಿಸಿಕೊಳ್ಳೋಣ.

ಸಂಖ್ಯೆಯ ಪ್ರಶ್ನೆ

ಇಷ್ಟು ಸ್ವಲ್ಪ ಜನರಿಗಾಗಿ ಒಬ್ಬ ಗುರುವನ್ನು, ನಾಲ್ವರು ಧರ್ಮಭಗಿನಿಯರನ್ನು ಅಷ್ಟು ದೂರ ಕಳಿಸಬೇಕೆ ಎಂದು ಕೇಳುವವರಿದ್ದಾರೆ. ನಗರದ ಧರ್ಮಕೇಂದ್ರಗಳಲ್ಲಿಯೇ ಗುರುಗಳ ಕೊರತೆಯಿರುವಾಗ ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಲೆಕ್ಕದ ದೃಷ್ಟಿಯಿಂದ ನೋಡಿದರೆ ಇದಕ್ಕೆ ಸಮರ್ಪಕ ಉತ್ತರವೂ ಇಲ್ಲ. ಆದರೆ ಬೆತ್ಲೆಹೇಮಿನ ರಾತ್ರಿಯನ್ನು ಲೆಕ್ಕದ ದೃಷ್ಟಿಯಿಂದ ಯಾರು ಸಮರ್ಥಿಸಬಲ್ಲರು? ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದರ ಹಿಂದೆ ಹೋದ ಕುರುಬನ ಸಾಮತಿಯನ್ನು ಹೇಳಿದ ಪ್ರಭುವು ಗಣಿತವನ್ನು ಬಲ್ಲವನಾಗಿರಲಿಲ್ಲವೆಂದಲ್ಲ. ‘ಎವಾಂಜೆಲಿ ನುನ್ಸಿಯಾಂದಿ’ಯಲ್ಲಿ ಆರನೆಯ ಪೌಲರು ಮಾತಿಗಿಂತ ಮೊದಲು ಬರುವ ಮೌನಸಾಕ್ಷ್ಯವನ್ನು ವಿವರಿಸಿದ್ದಾರೆ. ಇತರರೊಡನೆ ಕೂಡಿ ಬಾಳುವ, ಅವರ ಸುಖದುಃಖದಲ್ಲಿ ಪಾಲುಗೊಳ್ಳುವ ಕ್ರೈಸ್ತರನ್ನು ಕಂಡಾಗ, ಇವರು ಹೀಗೇಕೆ ಬದುಕುತ್ತಾರೆ ಎಂಬ ಪ್ರಶ್ನೆ ನೋಡುವವರ ಮನಸ್ಸಿನಲ್ಲಿ ತಾನಾಗಿ ಏಳುತ್ತದೆ. ಆ ಪ್ರಶ್ನೆ ಏಳುವಂತೆ ಬದುಕುವುದೇ ಮಿಷನರಿಯ ಪಾಲಿನ ಕೆಲಸ. ಅನಂತರದ್ದು ದೇವರದು ಮತ್ತು ಆ ಮನುಷ್ಯನ ಆತ್ಮಸಾಕ್ಷಿಯದು.

ನಮ್ಮ ಕುಟುಂಬಗಳಿಗೆ

ಕ್ರೈಸ್ತ ಕುಟುಂಬಗಳಲ್ಲಿ ಹಿರಿಯರನ್ನು ನೆನೆದು ಹಬ್ಬದ ಊಟಕ್ಕೆ ಕೂರುವ ಒಳ್ಳೆಯ ವಾಡಿಕೆಯಿದೆ. ಈ ವರ್ಷ ಆ ಪ್ರಾರ್ಥನೆಯಲ್ಲಿ ಮಿಷನ್ ಸೀಮೆಯಲ್ಲಿರುವ ನಿಮ್ಮ ಮನೆಯವರನ್ನೂ, ನಿಮ್ಮ ಧರ್ಮಕೇಂದ್ರದಿಂದ ಹೋದವರನ್ನೂ ಹೆಸರು ಹಿಡಿದು ನೆನೆಯಿರಿ. ಸಾಧ್ಯವಾದರೆ ಒಂದು ಪತ್ರ ಬರೆಯಿರಿ, ಇಲ್ಲವೇ ಫೋನ್ ಮಾಡಿ ಮಾತನಾಡಿಸಿರಿ. ಹಬ್ಬದ ರಾತ್ರಿ ಐದಾರು ಜನರೊಡನೆ ಪೂಜೆ ಮುಗಿಸಿ, ಚಳಿಯಲ್ಲಿ ಒಂಟಿಯಾಗಿ ಕೋಣೆಗೆ ಮರಳುವ ಗುರುವಿಗೆ ಊರಿನ ಒಂದು ದನಿ ಎಷ್ಟು ಬೇಕಾದದ್ದೆಂಬುದನ್ನು ಅನುಭವಿಸಿದವರೇ ಬಲ್ಲರು.

ಆ ಸೀಮೆಗಳಿಗೆ ಹೋಗಬೇಕೆಂಬ ಮನಸ್ಸಿದ್ದರೆ ಹೋಗಿರಿ. ಆದರೆ ಒಂದು ದಿನದ ಬಸ್ಸಿನಲ್ಲಿ ಅಲ್ಲ; ಎರಡು ಮೂರು ದಿನ ಉಳಿಯಲು ಹೋಗಿರಿ. ಮಕ್ಕಳನ್ನೂ ಕರೆದೊಯ್ಯಿರಿ. ಅವರು ತೊಗರಿಯ ರಾಶಿ ನೋಡಲಿ, ಜೋಳದ ರೊಟ್ಟಿ ಬಡಿಯುವುದನ್ನು ಕಲಿಯಲಿ, ತಮ್ಮ ವಯಸ್ಸಿನವರೊಡನೆ ಆಡಲಿ. ಕೊಡಬೇಕಾದದ್ದಿದ್ದರೆ ಅಲ್ಲಿಯವರನ್ನು ಕೇಳಿ, ಸದ್ದಿಲ್ಲದೆ, ಅವರು ಹೇಳಿದ ಕಾಲದಲ್ಲಿ ಕೊಡಿರಿ. ನಿಮ್ಮ ಊರಿನಲ್ಲಿಯೇ ಕಟ್ಟಡ ಕಟ್ಟುವ, ರಸ್ತೆ ಅಗೆಯುವ ಕಲಬುರಗಿ ಕಡೆಯ ಕೂಲಿಕಾರರ ಕುಟುಂಬಗಳಿದ್ದರೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಆಳಂದ, ಜೇವರ್ಗಿಗಳು ನಿಮ್ಮ ಬೀದಿಯ ಕೊನೆಯ ತಗಡಿನ ಶೆಡ್ಡಿನಲ್ಲಿಯೇ ಇವೆ. ಅವರನ್ನು ಮಾತನಾಡಿಸಿ, ಅವರ ಊರಿನ ಹೆಸರು ಕೇಳಿರಿ. ಅವರು ಚಹಾ ಕೊಟ್ಟರೆ ಬೇಡವೆನ್ನಬೇಡಿರಿ.

ಕೊನೆಯದಾಗಿ, ಮನೆಯ ಮಗನೋ ಮಗಳೋ ಇಂತಹ ಸೇವೆಗೆ ಹೋಗಬೇಕೆಂದರೆ, ಒಂದೆರಡೇ ಮಕ್ಕಳಿರುವ ಇಂದಿನ ಕುಟುಂಬಗಳಲ್ಲಿ ಆ ಮಾತು ಎದೆಗೆ ನಾಟುವಂಥದು. ತಂದೆತಾಯಿಗಳ ಸಂಕಟವನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಮರಿಯಮ್ಮನವರ ಎದೆಯನ್ನೂ ಅಲಗೊಂದು ಹಾಯ್ದಿತ್ತು. ಒಂದನ್ನು ಮಾತ್ರ ಹೇಳಬಹುದು: ಹಾಗೆ ಹೋದ ಮಗು ಅನಾಥವಾಗುವುದಿಲ್ಲ. ಎರೆಹೊಲದ ಆ ನಾಡಿನಲ್ಲಿ ಉಣ್ಣದೆ ಹೋಗಬ್ಯಾಡ್ರಿ ಎನ್ನುವ ತಾಯಂದಿರು ಬಹಳ ಮಂದಿ ಇದ್ದಾರೆ.

ಎಡೆಯಿಲ್ಲದ ಊರಿಗೆ ಅತಿಥಿಯಾಗಿ ಬಂದ ಪ್ರಭು ಯೇಸು, ಕೊಡುವುದಕ್ಕೂ ಪಡೆಯುವುದಕ್ಕೂ ನಮ್ಮ ಕೈಗಳನ್ನು ತೆರೆಯಿಸಲಿ. ಓದುಗ ಕುಟುಂಬಗಳೆಲ್ಲಕ್ಕೂ, ಭೀಮಾ ತೀರದ ಎಲ್ಲ ಮನೆಗಳಿಗೂ ಕ್ರಿಸ್ತಜಯಂತಿಯ ಶುಭಾಶಯಗಳು.